ಬೀಗ ಬೀಳದ ಓವನ್ನೂ ಅಜ್ಜಿಯ ಮೂರು ಕೂಗೂ

ಅರ್ಜಿಗಳಲ್ಲಿ ‘ಹವ್ಯಾಸ’ ಎಂಬ ಖಾಲಿ ಜಾಗ ಬಂದಾಗಲೆಲ್ಲ ನಾನು ‘ಓದುವುದು’ ಎಂದು ಬರೆಯುತ್ತೇನೆ. ಇದು ಅರ್ಧ ಸುಳ್ಳು. ನನ್ನ ನಿಜವಾದ ಹವ್ಯಾಸ ಬಾಗಿಲು ಹಾಕಿಕೊಳ್ಳುವುದು. ಹಾಕಿಕೊಂಡು ಒಳಗೇನು ಮಾಡುತ್ತೀಯ ಎಂದು ಕೇಳುವವರಿಗೆ ಒಂದು ಉತ್ತರ ಬೇಕಲ್ಲ, ಅದಕ್ಕೆ ಪುಸ್ತಕ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಚಿಲಕದ ಸದ್ದು ಕೇಳಿ ಗೆಳತಿಯರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಈಗ ರಾಮನಗರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ, ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮನೆಗೆ ಮೂರು ಬಾಗಿಲು, ಐದು ಚಿಲಕ. ಹೆಚ್ಚಿನ ಎರಡನ್ನು ನಾನೇ ಹಾಕಿಸಿದ್ದು. ಇಂಥವಳ ಮನೆಯಲ್ಲಿ ಒಂದು ಬಾಗಿಲು ಬೀಗ ಹಾಕಿಕೊಳ್ಳಲು ಒಪ್ಪದೆ ಹಟ ಹಿಡಿಯಿತು ಎಂದರೆ ಪರಿಚಿತರು ನಗುತ್ತಾರೆ. ನನಗೆ ಪರಿಚಿತರು ಕಡಿಮೆ ಇರುವುದರಿಂದ ನಗು ದೊಡ್ಡದಾಗಲಿಲ್ಲ.

ಆ ಬಾಗಿಲು ಓವನ್ನಿನದು. ಓವನ್ ನಾನು ಕೊಂಡದ್ದಲ್ಲ, ನನ್ನ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದ ಮೇಡಂ ನಿವೃತ್ತರಾಗಿ ಬೆಂಗಳೂರಿನಲ್ಲೇ ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಹೋಗುವಾಗ ಕೊಟ್ಟದ್ದು. ಮೇಡಂ ಎಂದರೆ ತಪ್ಪು ಜಾಗದಲ್ಲಿ ಕೂತ ಒಂದು ಅಲ್ಪವಿರಾಮಕ್ಕಾಗಿ ನನ್ನ ಇಡೀ ಅಧ್ಯಾಯವನ್ನು ಹಿಂದಿರುಗಿಸಿದವರು. ಅವರು ಓವನ್ ಕೊಡುತ್ತ, “ವಸ್ತುವನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುವವಳು ನೀನೊಬ್ಬಳೇ. ಅದಕ್ಕೇ ನಿನಗೆ” ಎಂದರು. ಆ ಮಾತು ನನಗೆ ಪದವಿಗಿಂತ ದೊಡ್ಡದಾಯಿತು. ಓವನ್ನೂ ಸಾಮಾನ್ಯದ್ದಲ್ಲ, ತನ್ನನ್ನು ತಾನೇ ಶುಚಿಮಾಡಿಕೊಳ್ಳುವಂಥದ್ದು. ಒಂದು ಗುಂಡಿ ಒತ್ತಿದರೆ ಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಒಳಗೆ ಕುಲುಮೆಯ ಹಾಗೆ ಕಾವು ಏರಿ, ಅಂಟಿದ ಜಿಡ್ಡೆಲ್ಲ ಸುಟ್ಟು ಬೂದಿಯಾಗುತ್ತದೆ. ಮೂರು ಗಂಟೆಯ ಮೇಲೆ ತಣ್ಣಗಾಗಿ ಬಾಗಿಲು ಬಿಡುತ್ತದೆ. ಅಲ್ಲಿಯವರೆಗೆ ಯಾರು ಬಡಿದರೂ ತೆರೆಯುವುದಿಲ್ಲ. ಕೈಪಿಡಿಯಲ್ಲಿ ಇದನ್ನು ಓದಿದ ದಿನವೇ ಆ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿತು. ಭಾನುವಾರಗಳಲ್ಲಿ ನಾನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಕೈಲಾಂಚದ ಹತ್ತಿರದ ನಮ್ಮೂರಿನಿಂದ ಅಜ್ಜಿ, ನನ್ನ ತಾಯಿಯ ತಾಯಿ, ಕಣ್ಣು ತೋರಿಸಲೆಂದು ಬಂದು ಒಂದು ವಾರ ನನ್ನ ಜೊತೆಗಿದ್ದಳು. ರೊಟ್ಟಿ ಬಿಸಿ ಮಾಡಿಕೊಳ್ಳಲಿ ಎಂದು ಓವನ್ನಿನ ತಿರುಗಿಸುವ ಎರಡು ಗುಂಡಿಗಳನ್ನು ತೋರಿಸಿಕೊಟ್ಟಿದ್ದೆ. ಬುಧವಾರ ಕಾಲೇಜಿನಿಂದ ಬರುವಾಗ ಮೆಟ್ಟಿಲ ಮೇಲೇ ಬೆಲ್ಲದ ಘಮ. ಅಜ್ಜಿ ಗೆಣಸನ್ನು ಸೀಳಿ, ಒಳಗೆ ಬೆಲ್ಲ ತುಂಬಿ, ತಟ್ಟೆಯ ಗೊಡವೆಯಿಲ್ಲದೆ ಕಂಬಿಯ ಮೇಲೇ ಸಾಲಾಗಿ ಮಲಗಿಸಿದ್ದಳು. ಬೆಲ್ಲ ಕರಗಿ ಸುರಿದು, ತಳದಲ್ಲಿ ಡಾಂಬರಾಗಿ, ಅಲ್ಲಿಂದ ಗೋಡೆಗೂ ಬಾಗಿಲಿಗೂ ಸಿಡಿದಿತ್ತು.

“ತಿನ್ನು ಮಗ, ಬಿಸಿ ಐತೆ. ನಿನ್ ಪೆಟ್ಗೆ ಪರವಾಗಿಲ್ಲ ಕಣವ್ವ, ಒಸಿ ನಿಧಾನ” ಎಂದಳು.

ಬರುವ ಭಾನುವಾರ ಮೇಡಂ ಊಟಕ್ಕೆ ಬರುವವರಿದ್ದರು. ಕೊಟ್ಟ ಹಾಗೇ ಇಟ್ಟುಕೊಳ್ಳುವವಳು ನೀನೊಬ್ಬಳೇ ಎಂದವರು ಮೊದಲು ತೆರೆಯುವುದು ಆ ಬಾಗಿಲನ್ನೇ. ನನ್ನ ಬಾಯಿಂದ, “ಅಜ್ಜಿ, ಇದು ನಿನ್ನ ಒಲೆ ಅಲ್ಲ” ಎಂಬ ಮಾತು ಬಂದುಬಿಟ್ಟಿತು. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡಳು. ಆಡಿದ್ದನ್ನು ಮೆತ್ತಗೆ ಮಾಡೋಣ ಎಂದು ನಾನು, ಇದು ತಾನೇ ಸುಟ್ಟು ಶುಚಿಮಾಡಿಕೊಳ್ಳುತ್ತದೆ, ಬಾಗಿಲು ತಾನೇ ಹಾಕಿಕೊಳ್ಳುತ್ತದೆ ಎಂದೆಲ್ಲ ವಿವರಿಸಿದೆ.

“ಯಾರ್ ಬಡುದ್ರೂ ತೆಗಿಯಕಿಲ್ವಾ?”

“ಇಲ್ಲ.”

“ಒಳಗ್ ಯಾರಾರ ಇದ್ರೆ?”

“ಓವನ್ ಒಳಗೆ ಯಾರಿರುತ್ತಾರೆ ಅಜ್ಜಿ?”

ಅಜ್ಜಿ ಕಿಟಕಿಯ ಕಡೆ ನೋಡಿದಳು. ಅಲ್ಲಿ ಕೆಳಗಿನ ಮನೆಯವರ ಬೆಕ್ಕು ಕೂತಿತ್ತು. ಮರುದಿನ ಬೆಳಗ್ಗೆ, “ಹಸೀಗೆ ಹುಲ್ಲಾಕೋರಿಲ್ಲ, ಬತ್ತೀನಿ” ಎಂದು ಮೊದಲ ಬಸ್ಸಿಗೇ ಹೊರಟಳು. ಊರಿನಲ್ಲಿ ಹುಲ್ಲು ಹಾಕಲು ಮಾವ, ಅತ್ತೆ, ಅವರ ಇಬ್ಬರು ದೊಡ್ಡ ಮಕ್ಕಳು ಇದ್ದಾರೆ. ಹಸು ಇರುವುದು ಒಂದು. ಬಸ್ಸು ಹತ್ತಿಸಿ ಬಂದು, ಹಿಂದಿನ ದಿನ ಮುಟ್ಟದೆ ಬಿಟ್ಟಿದ್ದ ಗೆಣಸನ್ನು ಅಡುಗೆಮನೆಯಲ್ಲಿ ನಿಂತೇ ತಿಂದೆ. ಎರಡು ತಿಂದೆ. ಆಮೇಲೆ ಉಳಿದವನ್ನೂ ತಿಂದೆ.

ಶುಕ್ರವಾರ ಸಂಜೆ ಗುಂಡಿ ಒತ್ತಿದೆ. ಒಳಗೆಲ್ಲೋ ಕೊಕ್ಕೆಯೊಂದು ಕರಕರ ಎಂದು ಹೊರಟು, ಅರ್ಧಕ್ಕೆ ನಿಂತು, ಮೂರು ಸಲ ಕೀಚ್ ಎಂದಿತು. ಮತ್ತೆ ಒತ್ತಿದೆ, ಮತ್ತೆ ಕೀಚ್. ಬೀಗ ಬೀಳದೆ ಕಾವು ಏರುವುದಿಲ್ಲ, ಕಾವು ಏರದೆ ಬೆಲ್ಲ ಬಿಡುವುದಿಲ್ಲ. ಕೈಪಿಡಿಯ ಹಿಂಭಾಗದಲ್ಲಿ ‘ಬಾಗಿಲು ಬೀಗಗೊಳ್ಳದಿದ್ದಲ್ಲಿ’ ಎಂಬ ಪಟ್ಟಿಯಿತ್ತು, ಒಂಬತ್ತು ಅಂಶ. ಬೇರೆ ಯಾರಾದರೂ ಆಗಿದ್ದರೆ ಬಾಗಿಲಿಗೊಂದು ಗುದ್ದು ಕೊಟ್ಟು ನೋಡುತ್ತಿದ್ದರು. ನಾನು ಪೆನ್ಸಿಲ್ ತಂದು ಮೊದಲನೆಯ ಅಂಶದಿಂದ ಗುರುತು ಹಾಕುತ್ತ ಬಂದೆ. ನಡುವೆ ಸಹಾಯವಾಣಿಗೆ ಫೋನ್ ಮಾಡಿದ್ದಕ್ಕೆ ಒಂದು ಹುಡುಗಿ, “ಮೇಡಂ, ಬಾಗಿಲು ಮುಚ್ಚಿದ್ದೀರಾ?” ಎಂದು ಕೇಳಿದಳು. ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ಅವಮಾನಿಸಿರಲಿಲ್ಲ.

ನಾಲ್ಕನೆಯ ಅಂಶ: ಬಾಗಿಲ ಸಂದಿಗೆ ಕಾಗದದ ಪಟ್ಟಿ ತೂರಿಸಿ ನೋಡಿ, ಸಲೀಸಾಗಿ ತೂರಿದರೆ ಬಾಗಿಲು ಸರಿಯಾಗಿ ಕೂತಿಲ್ಲ. ಹಳೆಯ ಪೇಪರಿನಿಂದ ಬೆರಳಗಲದ ಪಟ್ಟಿ ಹರಿದುಕೊಂಡು ಮಂಡಿಯೂರಿದೆ. ಪಟ್ಟಿ ಕೈಗೆ ಬಂದದ್ದೇ ತಡ, ಮೂಗಿಗೆ ರಾಗಿ ಅಂಬಲಿಯ ವಾಸನೆ ಹತ್ತಿತು. ನನ್ನ ಅಡುಗೆಮನೆಯಲ್ಲಿ ಅಂಬಲಿ ಇರಲಿಲ್ಲ. ಅದು ಬಂದದ್ದು ನನ್ನ ಬಾಲ್ಯದ ಹುಳಿನ ಮನೆಯಿಂದ.

ರೇಷ್ಮೆ ಹುಳು ಸಾಕುವ ಮನೆಗೆ ನಮ್ಮಲ್ಲಿ ಹುಳಿನ ಮನೆ ಎನ್ನುತ್ತಾರೆ. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಮರಿ ಬರುವ ಮೊದಲು, ರೋಗ ಉಳಿಯದ ಹಾಗೆ ಆ ಮನೆಯನ್ನು ಶುಚಿಮಾಡಬೇಕು. ಅಜ್ಜಿ ಹುಳು ಮೇಯಿಸುವ ತಟ್ಟೆಗಳನ್ನು ತೊಳೆದು ಒಣಗಿಸಿ ಒಳಗೆ ಜೋಡಿಸಿ, ಕಿಟಕಿ, ಗೋಡೆಯ ಬಿರುಕು, ಸೂರಿನ ಸಂದಿ ಎಲ್ಲಕ್ಕೂ ಗಟ್ಟಿ ಅಂಬಲಿ ಬಳಿದು ಪೇಪರಿನ ಪಟ್ಟಿ ಅಂಟಿಸುತ್ತಿದ್ದಳು. ಪಟ್ಟಿ ಹರಿದುಕೊಡುವುದು ನನ್ನ ಕೆಲಸ. ನಾನು ಓದದೆ ಹರಿಯುತ್ತಿರಲಿಲ್ಲ, ಅಜ್ಜಿ ಓದಿ ಮುಗಿಯುವವರೆಗೆ ಕಾಯುತ್ತಿರಲಿಲ್ಲ. ಹೀಗಾಗಿ ಪ್ರಪಂಚದ ಎಷ್ಟೋ ಸುದ್ದಿಗಳ ಕೊನೆ ನನಗೆ ಇವತ್ತಿಗೂ ತಿಳಿಯದು. ಎಲ್ಲ ಮುಗಿದ ಮೇಲೆ, ಕೆಂಡದ ಮೇಲೆ ಗಂಧಕ ಉದುರಿಸಿದ ಮಡಕೆಯನ್ನು ಒಳಗಿಟ್ಟು, ಬಾಗಿಲೆಳೆದು, ಅದರ ಸಂದಿಗೂ ಪಟ್ಟಿ. ಒಂದು ದಿನ ಪೂರ್ತಿ ಯಾರೂ ತೆಗೆಯುವಂತಿಲ್ಲ. ಮನೆ ಆ ಉಸಿರುಗಟ್ಟಿಸುವ ಹೊಗೆಯಲ್ಲಿ ತನ್ನಷ್ಟಕ್ಕೆ ತಾನು ಶುಚಿಯಾಗುತ್ತಿತ್ತು. ನನ್ನ ಓವನ್ನನ್ನು ಕಂಡುಹಿಡಿದವರು ನಮ್ಮಜ್ಜಿಯನ್ನು ಒಂದು ಮಾತು ಕೇಳಬಹುದಿತ್ತು.

ಮಡಕೆ ಒಳಗಿಡುವ ಮೊದಲು ಅಜ್ಜಿ ಒಳಗೆ ಬಗ್ಗಿ ನೋಡಿ, ಹೊಸ್ತಿಲಲ್ಲಿ ನಿಂತು ಮೂರು ಸಲ ಕೂಗುತ್ತಿದ್ದಳು: “ಒಳಗ್ ಯಾರಿದ್ದೀರಿ?” ಮಾವ ನಗುತ್ತಿದ್ದ: “ಯಾರವ್ವ ಇದ್ದಾರು? ಹುಳ ಬಂದು ಓ ಅಂದದಾ?” ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಸಲ, ಮೂರನೆಯ ಕೂಗಿಗೆ, ಒಳಗಿನಿಂದ ಓ ಬಂತು. ಅಂದವಳು ನಾನು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಮೂಲೆಗೆ ಒರಗಿಸಿದ್ದರು. ಅವುಗಳ ಹಿಂದೆ, ಗಾಜಿನ ಹೆಂಚಿನ ಬೆಳಕಿನಲ್ಲಿ, ಕತೆಪುಸ್ತಕ ಹಿಡಿದು ಕೂತಿದ್ದೆ. ಅಜ್ಜಿ ಮಡಕೆಯನ್ನು ಅಂಗಳಕ್ಕೆ ಎಸೆದು ಬಂದು ನನ್ನ ರಟ್ಟೆ ಹಿಡಿದು ಎಳೆದದ್ದು, ಹೊಡೆದದ್ದು, ತಬ್ಬಿಕೊಂಡದ್ದು, ಮತ್ತೆ ಹೊಡೆದದ್ದು ನೆನಪಿದೆ. “ನಿದ್ದೆ ಬಂದುಬಿಟ್ಟಿತ್ತು” ಎಂದು ಎಲ್ಲರಿಗೂ ಹೇಳಿದೆ. ಅಂದಿನಿಂದ ಮಾವ ನಗುವುದನ್ನು ಬಿಟ್ಟ.

ಪಟ್ಟಿ ಎಲ್ಲೂ ತೂರಲಿಲ್ಲ. ಬಾಗಿಲು ಸರಿಯಾಗಿಯೇ ಕೂತಿತ್ತು. ಏಳನೆಯ ಅಂಶದವರೆಗೆ ಬಂದು ಸೋತು, ಶನಿವಾರ ಮಧ್ಯಾಹ್ನ ನಯಾಜ್ ಎಂಬವರನ್ನು ಕರೆಸಿದೆ. ಮಿಕ್ಸಿಯಿಂದ ಫ್ರಿಜ್ಜಿನವರೆಗೆ ಎಲ್ಲ ರಿಪೇರಿ ಮಾಡುವವರು. ಅವರ ತಂದೆಯದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ. ಓವನ್ನಿನ ಮುಂದೆ ಕೂತು, “ನಮ್ಮ ಅಬ್ಬಾ ಗೂಡು ಒಣಗ್ಸೋ ಒಲೆ ಇಟ್ಟವ್ರೆ ಮೇಡಂ. ಅದುಕ್ಕೆ ಬೀಗಾನೂ ಇಲ್ಲ, ಸೆನ್ಸಾರೂ ಇಲ್ಲ. ಬಾಗ್ಲಿಗೊಂದು ಕಲ್ಲು ಒರಗ್ಸುದ್ರೆ ಮುಗೀತು. ನಮ್ಮೂರಲ್ಲಿ ಕಲ್ಲಿಗೇನು ಬರ?” ಎಂದರು. ಆಮೇಲೆ ಬಾಗಿಲ ಮೇಲಂಚಿನಲ್ಲಿ ಕೊಕ್ಕೆ ಬಂದು ಕೂರುವ ತೂತಿಗೆ ಟಾರ್ಚ್ ಬಿಟ್ಟು, ಚಿಮಟ ಹಾಕಿ ಎಳೆದರು. ಗಿಣ್ಣುದ್ದದ ಕಡ್ಡಿಯೊಂದು ಹೊರಗೆ ಬಂತು. ತಿರುಗಿಸಿ ಮುರುಗಿಸಿ ನೋಡಿ, “ಇದು ಯಾವ ಕಂಪ್ನಿ ಪಾರ್ಟು ಮೇಡಂ?” ಎಂದರು.

ನಾನು ಕೈಪಿಡಿಯ ಚಿತ್ರವನ್ನು ತೆರೆದು ಹುಡುಕಿಯೂ ಬಿಟ್ಟೆ. ಆಮೇಲೆ ಕಡ್ಡಿ ನೋಡಿದೆ. ಬೇವಿನದು. ಒಂದು ತುದಿ ಜಗಿದು ಜಗಿದು ಕುಂಚವಾಗಿತ್ತು. ನನ್ನ ಮನೆಯಲ್ಲಿ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದವರು ಒಬ್ಬರೇ. ‘ಕೊಕ್ಕೆಯ ತೂತನ್ನು ಕಣ್ಣಿನಿಂದ ಪರೀಕ್ಷಿಸಿ’ ಎಂಬುದು ಪಟ್ಟಿಯ ಎಂಟನೆಯ ಅಂಶವಾಗಿತ್ತು.

ಊರಿಗೆ ಫೋನ್ ಮಾಡಿ, “ಅಜ್ಜಿ, ಓವನ್ನಿನ ತೂತಿಗೆ ಕಡ್ಡಿ ಇಟ್ಟೆಯಾ?” ಎಂದೆ.

“ಇಟ್ಟೆ.”

“ಯಾಕೆ?”

“ಆ ಬೆಕ್ಕು ಬೆಚ್ಗಿರೋ ಕಡೆ ಹೋಗಿ ಮನೀಕತದೆ. ನೀನು ಪುಸ್ತಕ ಹಿಡ್ಕಂಡ್ರೆ ಮನೆ ಬಿದ್ರೂ ಗೊತ್ತಾಗಕಿಲ್ಲ. ಬಾಗ್ಲು ತಾನೇ ಹಾಕ್ಕಂಬುಟ್ರೆ ಅದ್ರ ಗತಿ? ಓ ಅನ್ನಕ್ಕೆ ಅದುಕ್ ಬಾಯೈತಾ?”

“ನೋಡಿಯೇ ಹಾಕುತ್ತೇನೆ ಅಜ್ಜಿ.”

“ನೋಡುದ್ರೆ ಸಾಲ್ದು ಕಣವ್ವ, ಕೂಗ್ಬೇಕು. ಅವತ್ತು ನಾನೂ ಬಗ್ಗಿ ನೋಡಿದ್ದೆ. ನೀನು ನಂಗೆ ಕಂಡ್ಯಾ?”

ಕೈಯಲ್ಲಿದ್ದ ಬೇವಿನ ಕಡ್ಡಿಯನ್ನು ಕೈಪಿಡಿಯ ಮೇಲೆ ಇಟ್ಟೆ. ಅಜ್ಜಿಯೇ ಮುಂದುವರಿಸಿ, “ಅದು ನನ್ ಒಲೆ ಅಲ್ಲ ಅಂತ ಗೊತ್ತು ಮಗ. ಬೆಕ್ಕೂ ನಂದಲ್ಲ” ಎಂದು ಫೋನ್ ಇಟ್ಟಳು.

ಬೆಕ್ಕು ನನ್ನ ಕಣ್ಣೆದುರಿಗೇ ಕಿಟಕಿಯಲ್ಲಿ ಬಾಲ ನೆಕ್ಕುತ್ತಿತ್ತು. ಓವನ್ ಒಳಗೆ ಬೆಲ್ಲವಲ್ಲದೆ ಬೇರೇನೂ ಇರಲಿಲ್ಲ. ಆದರೂ ಬಾಗಿಲು ಮುಚ್ಚುವ ಮೊದಲು ಬಗ್ಗಿ, ಆದಷ್ಟು ಸಣ್ಣ ದನಿಯಲ್ಲಿ, “ಒಳಗೆ ಯಾರಿದ್ದೀರಿ?” ಎಂದೆ. ಹಿಂದೆ ಸಾಮಾನು ಕಟ್ಟುತ್ತಿದ್ದ ನಯಾಜ್, “ನಂಗ್ ಕೇಳಿದ್ರಾ ಮೇಡಂ? ಇಲ್ಲೇ ಇವ್ನಿ” ಎಂದರು. ಇನ್ನೆರಡು ಸಲ ಕೂಗುವ ಧೈರ್ಯ ಬರಲಿಲ್ಲ. ಗುಂಡಿ ಒತ್ತಿದೆ. ಟಕ್ ಎಂದು ಬೀಗ ಬಿತ್ತು.

ಭಾನುವಾರ ಮೇಡಂ ಬಂದರು. ನಾನು ಎಣಿಸಿದಂತೆಯೇ ನೇರವಾಗಿ ಅಡುಗೆಮನೆಗೆ ಹೋಗಿ ಓವನ್ ತೆರೆದರು. ಒಳಗೆ ಕನ್ನಡಿ. “ನಾನು ಕೊಟ್ಟ ಹಾಗೇ ಇದೆ” ಎಂದರು. ನಾನು ಹೊಗಳಿಕೆಗೆ ಕಾದೆ. ಅವರು ಬಾಗಿಲು ಹಿಡಿದುಕೊಂಡೇ, “ನನ್ನ ಮನೆಯಲ್ಲೂ ಹನ್ನೊಂದು ವರ್ಷ ಹೀಗೇ ಇತ್ತು. ಮಾಡಿದರೆ ತಿನ್ನುವವರು ಯಾರು ಅಂತ ಬಿಟ್ಟೆ. ನೀನಾದರೂ ಏನಾದರೂ ಬೇಯಿಸಿಕೊಂಡು ತಿನ್ನುತ್ತೀಯ ಅಂದುಕೊಂಡಿದ್ದೆ” ಎಂದರು. ನಾನು ಗೆಣಸಿನ ಕತೆಯನ್ನು, ಡಾಂಬರು ಸಮೇತ, ಹೇಳಬೇಕಾಯಿತು. ಮೇಡಂ ಪೂರ್ತಿ ಕೇಳಿ, ಅಲ್ಪವಿರಾಮ ತಪ್ಪಿದಾಗ ನೋಡುತ್ತಿದ್ದ ಹಾಗೇ ನನ್ನನ್ನು ನೋಡಿ, “ಒಂದನ್ನಾದರೂ ಉಳಿಸಬಾರದಿತ್ತೇ?” ಎಂದರು.

ಹಾಗಾಗಿ ಮುಂದಿನ ಭಾನುವಾರಕ್ಕೆ ಮೇಡಂರನ್ನೂ ಅಜ್ಜಿಯನ್ನೂ ಮತ್ತೆ ಕರೆದೆ. ಅಜ್ಜಿ ಮೊದಲು ಬಂದಳು, ಚೀಲದ ತುಂಬ ಗೆಣಸು. ಬಸ್‌ಸ್ಟ್ಯಾಂಡಿನಲ್ಲಿ ಚೀಲ ಇಸಿದುಕೊಳ್ಳುತ್ತ, ಅವತ್ತು ಅಂದದ್ದು ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. “ನಡಿ ನಡಿ, ಬೆಲ್ಲ ಐತಾ ಮನೇಲಿ?” ಎಂದಳು. ಗೆಣಸು ಕಂಬಿಯ ಮೇಲೆ ಮಲಗಿದವು, ತಟ್ಟೆಯಿಲ್ಲದೆ. ಮೇಡಂ ಬರಲು ಇನ್ನೂ ಹೊತ್ತಿತ್ತು. ನಾನು ಕೋಣೆಗೆ ಹೋಗಿ, ಅಭ್ಯಾಸಬಲ, ಚಿಲಕ ಹಾಕಿಕೊಂಡು ಪುಸ್ತಕ ತೆರೆದೆ. ಬೆಲ್ಲ ಕರಗುವ ಘಮ ಬಾಗಿಲಡಿಯಿಂದ ಬಂತು. ಅದರ ಹಿಂದೆಯೇ ದನಿ: “ಒಳಗ್ ಯಾರಿದ್ದೀರಿ?” ಒಂದು. ಎರಡು. ಮೂರನೆಯದಕ್ಕೆ ಓ ಎಂದು ಎದ್ದು ಚಿಲಕ ತೆಗೆದೆ.

ಅಜ್ಜಿ ನನ್ನ ಕೈಯ ಪುಸ್ತಕವನ್ನೂ, ಪುಟದ ನಡುವೆ ಸಿಕ್ಕಿಸಿಕೊಂಡಿದ್ದ ಬೆರಳನ್ನೂ ನೋಡಿದಳು. “ಅವತ್ತೂ ನಿದ್ದೆ ಬಂದಿರ್ಲಿಲ್ಲ ಅಲ್ವಾ?” ಎಂದಳು.

“ಇಲ್ಲ ಅಜ್ಜಿ. ಮೊದಲನೇ ಸಲವೇ ಕೇಳಿಸಿತ್ತು. ಒಂದು ಪುಟ ಉಳಿದಿತ್ತು.”

“ಒಂದೇ ಕೂಗ್ಗೆ ಓ ಅನ್ನೋ ಜನ ಆಗಿದ್ರೆ ಮೂರು ಕಿತ ಯಾಕ್ ಕೂಗ್ಬೇಕಿತ್ತು?” ಎಂದು ಅಜ್ಜಿ ನನ್ನ ಅಂಗೈ ಮೇಲೆ ಬಿಸಿ ಗೆಣಸು ಇಟ್ಟು ಅಡುಗೆಮನೆಗೆ ಹೋದಳು. ಅವಳ ಹಿಂದೆಯೇ ಹೋಗಬೇಕೆಂದು ನಿಜವಾಗಿಯೂ ಹೊರಟೆ. ಪುಟದಲ್ಲಿ ನಾಲ್ಕು ಸಾಲು ಉಳಿದಿದ್ದವು, ಅವನ್ನು ಹೊಸ್ತಿಲ ಮೇಲೆ ನಿಂತು ಓದಿಕೊಂಡೆ.