ನಾನು ನೀರು ಸಾಕಿದ್ದು

ನಮ್ಮ ಮನೆಯ ಬಗ್ಗೆ ಬೀದಿಯವರು ಒಂದು ಮಾತು ಹೇಳುತ್ತಿದ್ದರು: ಆ ಮನೆಯಲ್ಲಿ ಸೊಳ್ಳೆ ಕಚ್ಚಬೇಕಾದರೂ ಮೊದಲು ಬಾಯಿ ಮುಕ್ಕಳಿಸಿ ಬರಬೇಕು. ಅವರು ನಗುತ್ತ ಹೇಳುತ್ತಿದ್ದರು, ನಾನು ಬಿರುದು ಎಂದೇ ಸ್ವೀಕರಿಸುತ್ತಿದ್ದೆ. ಊರಿನ ನೀರು ಸರಬರಾಜು ಕೇಂದ್ರದಲ್ಲಿ ಕ್ಲೋರಿನ್ ಹಾಕುವ ಕೆಲಸ ನನ್ನದು. ಊರಿಗೆ ಊರೇ ಕುಡಿಯುವ ನೀರಿನಲ್ಲಿ ಒಂದು ಕ್ರಿಮಿ ಬದುಕಿದ್ದರೆ ಅದು ನನ್ನ ಕಣ್ತಪ್ಪಿನಿಂದ, ಸತ್ತಿದ್ದರೆ ನನ್ನ ಕೈಯಿಂದ. ಅಲ್ಲಿ ಕೊಂದದ್ದು ಸಾಲದೆಂದು ಮನೆಯಲ್ಲೂ ದಿನಾ ಬೆಳಿಗ್ಗೆ ಕ್ಲೋರಿನ್ ಸೀಸೆ ಹಿಡಿದು ಒಂದು ಸುತ್ತು ಬರುತ್ತೇನೆ. ಕುಡಿಯುವ ನೀರಿಗೆ ಎರಡು ಹನಿ, ತರಕಾರಿ ತೊಳೆಯುವ ನೀರಿಗೆ ನಾಲ್ಕು ಹನಿ, ಬಚ್ಚಲಿನ ಹಂಡೆಗೆ ಒಂದು ಮುಚ್ಚಳ. (ನನ್ನ ಹೆಂಡತಿ ಇದಕ್ಕೆ ‘ದೊರೆಗಳ ಸವಾರಿ’ ಎಂದು ಹೆಸರಿಟ್ಟಿದ್ದಾಳೆ. ಇರಲಿ. ದೊರೆ ಎಂದಳಲ್ಲ, ಅಷ್ಟೇ ಸಾಕು.)

ಇಂಥ ನನ್ನ ಪಾಲಿಗೆ ಕ್ರಿಮಿ ಸಾಕುವ ಪಾಡು ಬಂತು. ಇದು ನ್ಯಾಯವೇ, ನೀವೇ ಹೇಳಿ.

ಆದದ್ದು ಹೀಗೆ. ನನ್ನ ಭಾವಮೈದ, ಎಂದರೆ ಹೆಂಡತಿಯ ತಮ್ಮ, ಬ್ಯಾಂಕಿನಲ್ಲಿ ಗುಮಾಸ್ತ. ಒಂಟಿ ಜೀವ. ಅವನ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಎರಡು ಕೆಂಪು ಮೀನು. ನನ್ನ ಮಗಳಿಗೆ ಆ ಮೀನುಗಳೆಂದರೆ ಪ್ರಾಣ. ಒಂದಕ್ಕೆ ದಪ್ಪಣ್ಣ, ಇನ್ನೊಂದಕ್ಕೆ ಬಾಲಕ್ಕ ಎಂದು ಹೆಸರಿಟ್ಟು, ರಜೆ ಬಂತೆಂದರೆ ಅಲ್ಲಿಗೆ ಓಡಿ ಗಾಜಿಗೆ ಮೂಗು ಒತ್ತಿ ಕೂರುತ್ತಿದ್ದಳು. ಅಷ್ಟರಲ್ಲಿ ಭಾವಮೈದನಿಗೆ ಎಲ್ಲೋ ದೂರದೂರಿಗೆ ವರ್ಗವಾಯಿತು. ಆ ಪ್ರಯಾಣವನ್ನು ಮೀನುಗಳು ತಡೆದುಕೊಳ್ಳುವುದಿಲ್ಲವಂತೆ. ಸುದ್ದಿ ಕೇಳಿದ ಮಗಳು ಅಳಲಿಲ್ಲ, ಊಟ ಬಿಟ್ಟಳು.

“ಭಾವ, ಮೀನು ಇವಳಿಗೇ ಕೊಟ್ಟು ಹೋಗ್ತೀನಿ,” ಎಂದ ಅವನು. “ಆದ್ರೆ ನಾನು ಹೊರಡೋ ಹೊತ್ತಿಗೆ ನಿಮ್ಮ ಮನೇಲಿ ತೊಟ್ಟಿ ತಯಾರಾಗಿರ್ಬೇಕು. ಇಲ್ಲಾಂದ್ರೆ ನಿಮ್ಮ ಎದುರುಮನೆ ಹಲ್ಲು ಡಾಕ್ಟರಮ್ಮ ಕೇಳಿದಾರೆ. ಅವರ ಹತ್ರ ಹಳೇ ತೊಟ್ಟಿ ಇದೆ.”

ಡಾಕ್ಟರಮ್ಮನ ಹೆಸರೆತ್ತಿದರೆ ನನ್ನ ಮೈ ಉರಿಯುತ್ತದೆ. ಒಮ್ಮೆ ನಾಲ್ಕು ಜನರ ಮುಂದೆ, “ನೀವು ಬಿಡೋ ನೀರು ಕುಡಿದ್ರೆ ಸಾಕು, ಬೇರೆ ಬಾಯಿ ತೊಳೆಯೋ ಔಷಧಿ ಬೇಡ,” ಎಂದ ಮಹಾತಾಯಿ ಆಕೆ. ಮೀನು ಅಲ್ಲಿಗೆ ಹೋಗುವುದೇ? ನನ್ನ ಹೆಣ ಬಿದ್ದ ಮೇಲೆ.

“ತಯಾರಾಗೋದು ಅಂದ್ರೇನಯ್ಯ? ಗಾಜಿನ ಪೆಟ್ಟಿಗೆ, ನೀರು, ಮೀನು. ಮುಗೀತು.”

“ಮುಗಿಯೋದು ಮೀನು, ಭಾವ,” ಎಂದು ಅವನು ವಿವರಿಸತೊಡಗಿದ. ಮೀನಿನ ಹೇಲುಚ್ಚೆಯಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿನ್ನುವ ಒಂದು ಜಾತಿ ಕ್ರಿಮಿ ಇದೆ. ಅದು ತಿಂದು ಬಿಟ್ಟದ್ದೂ ವಿಷವೇ, ಅದನ್ನು ತಿನ್ನಲು ಇನ್ನೊಂದು ಜಾತಿ. ಈ ಎರಡೂ ಕುಲಗಳು ಫಿಲ್ಟರಿನ ಸ್ಪಂಜಿನಲ್ಲಿ ಬಿಡಾರ ಹೂಡಬೇಕು. ಹೂಡಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ, ಆದರೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಬೇಕು. ಅದು ಕೊಳೆತರೆ ಕ್ರಿಮಿಗಳಿಗೆ ಹಬ್ಬ.

“ಅಂದ್ರೆ ನಾನು, ಕೈಯಾರೆ, ಕ್ರಿಮಿ ಸಾಕ್ಬೇಕು.”

“ಹೂಂ, ಭಾವ.”

ಹೆಂಡತಿ ಸರಕ್ಕನೆ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದ ಯಾರೋ ಬಾಯಿ ಮುಚ್ಚಿಕೊಂಡು ನಗುವ ಸದ್ದು ಬಂತು. ಮಗಳು ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ಯಾವ ಸಿದ್ಧಾಂತ ನಿಲ್ಲುತ್ತದೆ? ಒಪ್ಪಿದೆ.

ತೊಟ್ಟಿ ಬಂತು, ಕಿಟಕಿಯ ಪಕ್ಕ ಕೂತಿತು. ಮೊದಲು ನೀರಿನಲ್ಲಿರುವ ಕ್ಲೋರಿನ್ ಓಡಿಸಬೇಕೆಂದು ಬಕೆಟ್ಟುಗಳಲ್ಲಿ ನೀರು ಹಿಡಿದು ಬಯಲಲ್ಲಿಟ್ಟೆ. ಕಚೇರಿಯಲ್ಲಿ ನಾನೇ ಪ್ರೀತಿಯಿಂದ ಹಾಕಿ ಕಳಿಸಿದ ಕ್ಲೋರಿನ್ ಅದು. ಮನೆಗೆ ಬಂದ ನೆಂಟನನ್ನು ನಾನೇ ಕತ್ತು ಹಿಡಿದು ಹೊರದಬ್ಬಿದ ಹಾಗಾಯಿತು.

ಆಮೇಲೆ ಶುರುವಾಯಿತು ಊಟ ಬಡಿಸುವ ಕೆಲಸ. ಪಕ್ಕದ ಮನೆಯ ಅಜ್ಜಿ ಕಿಟಕಿಯಲ್ಲಿ ಇಣುಕಿದರು.

“ಮೀನೆಲ್ಲಪ್ಪ?”

“ಇನ್ನೂ ಬಂದಿಲ್ಲ ಅಜ್ಜಿ.”

“ಮತ್ತೆ ಊಟ ಯಾರಿಗೆ?”

“ನೀರಿಗೆ.”

ಅಜ್ಜಿ ನನ್ನ ಮುಖವನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿದರು. “ಕೂಸು ಹುಟ್ಟೋ ಮೊದ್ಲು ಕುಲಾವಿ ಹೊಲಿಯೋರನ್ನ ನೋಡಿದ್ದೆ. ನೀನು ತುತ್ತೇ ತಿನ್ನಿಸ್ತಾ ಇದೀಯಲ್ಲಪ್ಪ. ನಿನ್ನ ಮನೆಗೆ ಬಂದೋರಿಗೇ ಒಂದು ಲೋಟ ಕಾಫಿ ಹುಟ್ಟಲ್ಲ, ಬರದೇ ಇರೋರಿಗೆ ಈ ಉಪಚಾರ.”

ಸಂಜೆಯೊಳಗೆ ಬೀದಿಯಲ್ಲಿ ನಮ್ಮ ಮನೆಗೆ ‘ನೀರು ಸಾಕಿದವರ ಮನೆ’ ಎಂದು ಹೆಸರಾಯಿತು.

ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾದಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ರೀ, ಆ ಗಲೀಜನ್ನ ಒಂದ್ಸಲ ತೊಳೆದುಬಿಡ್ಲಾ?”

“ಮುಟ್ಟಿದ್ರೆ ಜೋಕೆ. ಅದು ಗಲೀಜಲ್ಲ, ಸಂಸಾರ.”

“ನನ್ನ ಸಂಸಾರದಲ್ಲಿ ಒಂದು ಚಮಚ ಜಿಡ್ಡಿದ್ರೆ ಮೂಗು ಮುರೀತಿದ್ರಿ. ಮದುವೆಯಾದ ಮೊದಲನೇ ದಿನ ಏನು ಮಾತಾಡಿದ್ರಿ ನೆನಪಿದೆಯಾ? ಉಗುರಿನ ಸಂದೀಲಿ ಎಷ್ಟು ಕ್ರಿಮಿ ಇರುತ್ವೆ ಅಂತ.”

ಸತ್ಯ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನ್ನ ಮನಸ್ಸು ಕೆಟ್ಟಿತ್ತು. ಕಚೇರಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಮುಂದೆ ಕೂರುತ್ತಿದ್ದೆ. ನೀರನ್ನು ಸಣ್ಣ ನಳಿಗೆಯಲ್ಲಿ ಹಿಡಿದು ಪರೀಕ್ಷೆಯ ಹನಿ ಹಾಕುವುದು; ಹಸಿರಾದರೆ ವಿಷ ಇದೆ, ಹಳದಿಯಾದರೆ ಇಲ್ಲ. ದಿನವೂ ಹಸಿರು. ನನ್ನ ಮಕ್ಕಳಿಗೆ (ಹೌದು, ಹಾಗೇ ಕರೆಯುತ್ತಿದ್ದೆ) ಹಸಿವಿಲ್ಲವೇ, ನೆಗಡಿಯೇ ಎಂದು ಚಿಂತೆ. ತೊಟ್ಟಿಯ ಹತ್ತಿರ ಯಾರೂ ಮಾತಾಡಕೂಡದು, ಅವಕ್ಕೆ ತೊಂದರೆಯಾಗುತ್ತದೆ ಎಂದು ಕಾನೂನು ಮಾಡಿದೆ. ಮಗಳು ಪಾಪ, ತುದಿಗಾಲಲ್ಲಿ ಓಡಾಡಿದಳು.

ಕೊನೆಗೂ ಭಾವಮೈದ ಹೊರಡುವ ದಿನ ಬಂತು. ಬೆಳಿಗ್ಗೆ ಎದ್ದವನೇ ಹನಿ ಹಾಕಿದೆ. ಹಳದಿ. ಇನ್ನೊಂದು ವಿಷದ ಪರೀಕ್ಷೆ ಮಾಡಿದೆ. ಅದೂ ಇಲ್ಲ. ಹಿಂದಿನ ಸಂಜೆ ಬಡಿಸಿದ್ದನ್ನೆಲ್ಲ ನನ್ನ ಪ್ರಜೆಗಳು ಬಳಿದು ತಿಂದು ಮುಗಿಸಿದ್ದರು. ನನಗೆ ಕಣ್ಣು ತುಂಬಿ ಬಂತು. ಹಾಡಿಕೊಂಡು ಮನೆಯೆಲ್ಲ ಓಡಾಡಿದೆ, ದಿನದ ಕೆಲಸಗಳನ್ನೆಲ್ಲ ಮುಗಿಸಿದೆ, ಅತಿಥಿಗಳ ದಾರಿ ಕಾಯುತ್ತ ಕೂತೆ.

ಮಧ್ಯಾಹ್ನ ಭಾವಮೈದ ಬಕೆಟ್ಟಿನಲ್ಲಿ ಮೀನು ತಂದ. ಮಗಳು ಉಸಿರು ಬಿಗಿಹಿಡಿದು ನಿಂತಳು. ಅವನು ತೊಟ್ಟಿಯ ಮೇಲೆ ಬಗ್ಗಿದವನು ಹಾಗೇ ನಿಂತುಬಿಟ್ಟ.

“ಭಾವ, ಇದೇನು ಈಜುಕೊಳದ ವಾಸನೆ?”

ನನಗೆ ಯಾವ ವಾಸನೆಯೂ ಬರಲಿಲ್ಲ. (ಆ ವಾಸನೆಗೆ ನನ್ನ ಮೂಗು ರಾಜೀನಾಮೆ ಕೊಟ್ಟು ಎಷ್ಟೋ ವರ್ಷವಾಯಿತು.) ಆದರೆ ಸ್ಪಂಜಿನ ಮೇಲೆ ಕಣ್ಣು ಬಿತ್ತು. ಕಂದು ಬಣ್ಣ ಹೋಗಿ ಅದು ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಯಾರೋ ಕ್ಲೋರಿನ್ ಸುರಿದಿದ್ದರು. ನನ್ನ ಎರಡು ಕುಲಗಳೂ ನಿರ್ವಂಶ.

ಎಂಥ ಕೋಪ ಬಂದಿರಬೇಕು ನೋಡಿ. ನೇರವಾಗಿ ಹೆಂಡತಿಯತ್ತ ತಿರುಗಿದೆ.

“ನೀನೇ. ನಿನಗೆ ಮೊದಲಿಂದ್ಲೂ ಈ ತೊಟ್ಟಿ ಕಂಡ್ರೆ ಆಗ್ತಿರ್ಲಿಲ್ಲ.”

“ನನಗೆ ಕಂಡ್ರೆ ಆಗದೇ ಇರೋದು ಈ ಮನೇಲಿ ಬೇಕಾದಷ್ಟಿದೆ. ಎಲ್ಲಕ್ಕೂ ಕ್ಲೋರಿನ್ ಹಾಕ್ತಾ ಬಂದಿದ್ರೆ ಇಷ್ಟು ಹೊತ್ತಿಗೆ ನೀವು ಬೆಳ್ಳಗಾಗಿರ್ಬೇಕಿತ್ತು.”

“ಹಾಗಾದ್ರೆ ಪಕ್ಕದ ಮನೆ ಅಜ್ಜಿ. ಕಿಟಕಿಯಿಂದ ಕೈ ಹಾಕಿದಾರೆ. ಇಲ್ಲಾ ಆ ಡಾಕ್ಟರಮ್ಮನೇ ಯಾರನ್ನೋ ಕಳಿಸಿ—”

“ಅಪ್ಪ,” ಎಂದಳು ಮಗಳು, ಪಿಸುದನಿಯಲ್ಲಿ. “ನೀನೇ ಹಾಕಿದೆ.”

“ನಾನಾ?”

“ಬೆಳಿಗ್ಗೆ. ಕುಡಿಯೋ ನೀರಿಗೆ, ತರಕಾರಿ ನೀರಿಗೆ, ಹಂಡೆಗೆ, ಆಮೇಲೆ ತೊಟ್ಟಿಗೆ. ಇದಕ್ಕೆ ಮೂರು ಮುಚ್ಚಳ. ಹಾಡು ಬೇರೆ ಹೇಳ್ತಿದ್ದೆ.”

ಇಷ್ಟು ವರ್ಷ ಕಚೇರಿಯಲ್ಲಿ ನನ್ನ ಕೈ ಕಲಿತದ್ದು ಒಂದೇ ಪಾಠ: ಪರೀಕ್ಷೆಯಲ್ಲಿ ನೀರು ಸೈ ಎನಿಸಿದ ಮೇಲೆ, ಕೊನೆಯದಾಗಿ ಒಂದು ಪಾಲು ಕ್ಲೋರಿನ್ ಹಾಕಿ ಬಿಡುವುದು. ತೊಟ್ಟಿ ಸೈ ಎನಿಸಿತ್ತು. ಕೈ ತನ್ನ ಕೆಲಸ ಮಾಡಿತ್ತು.

“ನೋಡಿದೋಳು ಆಗಲೇ ಹೇಳ್ಬಾರ್ದಿತ್ತೇನೇ?”

“ತೊಟ್ಟಿ ಹತ್ರ ಮಾತಾಡ್ಬಾರ್ದು ಅಂತ ನೀನೇ ಹೇಳಿದ್ಯಲ್ಲ.”

“ಕ್ಲೋರಿನ್ ಓಡಿಸಿದ್ರಾಯ್ತಲ್ಲಯ್ಯ,” ಎಂದು ಭಾವಮೈದನ ಕೈ ಹಿಡಿದೆ.

“ಕ್ಲೋರಿನ್ ಓಡಿಸ್ಬಹುದು ಭಾವ. ಸತ್ತೋರನ್ನ ಎಬ್ಬಿಸೋಕಾಗುತ್ತಾ? ಮತ್ತೆ ಮೊದಲಿಂದ ಸಾಕ್ಬೇಕು. ನಾನು ಸಂಜೆ ಗಾಡಿಗೆ ಹೊರಟೆ.”

ಬಕೆಟ್ಟು ಬೀದಿ ದಾಟಿತು. ಡಾಕ್ಟರಮ್ಮ ಬಾಗಿಲಲ್ಲೇ ಬರಮಾಡಿಕೊಂಡರು. ಮಗಳು ಹಿಂದೆಯೇ ಓಡಿದಳು, ನಾನೂ ಹೋದೆ.

“ದಿನಾ ಬಂದು ನೋಡ್ಲಾ ಆಂಟಿ?”

“ಬೀದಿ ಮಕ್ಕಳೆಲ್ಲ ಬಂದು ಗಾಜು ಬಡೀತಾರೆ ಪುಟ್ಟಿ. ಹಲ್ಲು ತೋರ್ಸೋಕೆ ಬಂದೋರು, ಅವರ ಜೊತೆಯೋರು, ಅಷ್ಟೇ ಜನ ಒಳಗೆ ಅಂತ ಇಟ್ಕೊಂಡಿದೀನಿ. ನಿನಗೊಬ್ಬಳಿಗೆ ಅಂತ ಬಿಟ್ರೆ ಮಿಕ್ಕೋರು ಸುಮ್ನಿರ್ತಾರಾ?”

ಭಾವಮೈದ ಪೆಟ್ಟಿಗೆ ಎತ್ತಿಕೊಂಡು, ಅಕ್ಕನನ್ನು ಅಳಿಸಿ, ಹೊರಟುಹೋದ. ಮಗಳು ಖಾಲಿ ತೊಟ್ಟಿಯ ಮುಂದೆ ಕೂತಳು. ಬಡಿಸಿದ ತಟ್ಟೆ ಹಾಗೇ ಇತ್ತು. ಹೆಂಡತಿ ಕೈಗೆತ್ತಿಕೊಂಡ ಕೆಲಸದಿಂದ ತಲೆ ಎತ್ತದೆ, “ನನ್ನ ಹಲ್ಲು ಗಟ್ಟಿಯಾಗಿವೆ. ಅಲ್ದೆ ಕ್ಲೋರಿನ್ ಹಾಕಿದ್ದು ನಾನಲ್ಲ,” ಎಂದಳು.

ಮರುದಿನ ಸಂಜೆ ಮಗಳು ಚಪ್ಪಲಿ ಮೆಟ್ಟಿ, ಬಾಚಿದ ತಲೆಯಲ್ಲಿ ನನ್ನ ಮುಂದೆ ಬಂದು ನಿಂತಳು.

“ಅಪ್ಪ, ನಿನಗೆ ಹಲ್ಲು ನೋವು.”

ಅದು ಪ್ರಶ್ನೆಯಾಗಿರಲಿಲ್ಲ. ಕ್ರಿಮಿಯ ಸುಳಿವೇ ಇಲ್ಲದ ಹಲ್ಲು ನನ್ನವು, ಒಂದೊಂದೂ ಶಂಖದಂತೆ. ಆದರೂ ಕೇಳಿದೆ, “ಯಾವ ಹಲ್ಲು?”

“ದವಡೆ ಹಲ್ಲು. ಅದಕ್ಕೆ ತುಂಬಾ ಹೊತ್ತು ಕೂರಿಸ್ತಾರಂತೆ.”

ಬಲಗೆನ್ನೆಗೆ ಕೈಯೊತ್ತಿ, ಅವಳ ಬೆರಳು ಹಿಡಿದು ಹೊಸಿಲು ದಾಟಿದೆ. ಮೂವತ್ತೆರಡೂ ಹಲ್ಲಿನ ಸಮೇತ ನಾನು ಮನೆಯಿಂದ ಹೊರಟದ್ದು ಅದೇ ಕೊನೆ.