ಈಶಾನ್ಯ ಮೂಲೆಯ ಮೂವತ್ತು ಏಟು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ – ಈ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡುವ ಯಾವ ಮುಖಂಡರ ಅಂಗೈಯಲ್ಲಾದರೂ ನಿಮಗೆ ಬೊಬ್ಬೆ ಕಂಡರೆ, ಪಾಪ, ಬಡವರಿಗಾಗಿ ದುಡಿದು ದುಡಿದು ಹೀಗಾಯಿತೆಂದು ಕಣ್ಣೊರೆಸಿಕೊಳ್ಳಬೇಡಿ. ಅದು ನಮ್ಮ ಮಾವನವರ ಕೆಲಸ! ಮೈಕು ಬಿಟ್ಟು ಬೇರೇನನ್ನೂ ಹಿಡಿಯದ ಕೈಗಳಿಗೆ ಗುದ್ದಲಿ ಕೊಟ್ಟು, ಬೆವರಿಳಿಯುವ ತನಕ ಮಣ್ಣು ಅಗೆಸಿದ ಮಹಾನುಭಾವರು ಅವರು. ಹೆಸರು ಮಾತ್ರ ಕೇಳಬೇಡಿ. ಸೊಸೆಯಾದವಳು ಮಾವನ ಹೆಸರು ಹೇಳಬಾರದು ಎಂಬ ಹಳೆಯ ಪದ್ಧತಿಗೆ ಈ ಒಂದು ಕಾರಣಕ್ಕಾದರೂ ನಾನು ಋಣಿ. ಹೇಳಿದೆನೋ, ನಾಳೆಯೇ ನಮ್ಮ ಮನೆ ಮುಂದೆ ಬಿಳಿ ಕಾರುಗಳ ಸಾಲು ನಿಲ್ಲುತ್ತದೆ.

ನಮ್ಮೂರು ಕಟ್ಟೆಮಳಲವಾಡಿ ಕಡೆಯದು. ಮಾವ ಅಲ್ಲಿನ ನೀರುಗಂಟಿ. ಅಂದರೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವರು. ಈಗ ಮಂಡಿನೋವೆಂದು ಕೆಲಸ ಬಿಟ್ಟಿದ್ದಾರೆ, ಗುದ್ದಲಿ ಬಿಟ್ಟಿಲ್ಲ. ದಿನಾ ಬೆಳಗ್ಗೆ ಎದ್ದರೆ ಅವರಿಗೆ ಎರಡೇ ಕೆಲಸ. ಒಂದು, ಆ ಗುದ್ದಲಿಯ ಕಾವಿಗೆ ಎಣ್ಣೆ ಸವರಿ ಮಗುವಿನಂತೆ ಬಿಸಿಲಿಗೆ ಒರಗಿಸುವುದು. ಇನ್ನೊಂದು, ನನ್ನ ಸ್ಟೀಲ್ ಬಾಟಲಿಗೆ ಕಾಯಿಸಿ ಆರಿಸಿದ ನೀರು ತುಂಬಿ, ನಾನು ಹೊರಡುವಾಗ ಬಾಗಿಲಲ್ಲಿ ನಿಂತು ಕೊಡುವುದು. ನಾನು ಟೀಚರು. ಸಂಜೆ ಬಂದ ಕೂಡಲೇ ಬಾಟಲಿ ಇಸಿದುಕೊಂಡು, ಉಳಿದ ನೀರನ್ನು ಹಿತ್ತಿಲಿನ ಕರಿಬೇವಿನ ಗಿಡಕ್ಕೆ ಸುರಿಯುತ್ತಾರೆ.

"ನೀರುಗಂಟಿ ಮನೇಲಿ ಒಂದು ತೊಟ್ಟೂ ದಂಡ ಆಗ್ಬಾರ್ದು ಕಣವ್ವ" ಎನ್ನುತ್ತಾರೆ. ಆ ಕರಿಬೇವು ಎಂಥಾ ಸೊಂಪಾಗಿ ಬೆಳೆದಿತ್ತೆಂದರೆ, ಇಡೀ ಬೀದಿಯ ಒಗ್ಗರಣೆ ನಮ್ಮ ಹಿತ್ತಿಲಿನಿಂದಲೇ ನಡೆಯುತ್ತಿತ್ತು.

ಇನ್ನು ನಮ್ಮ ಶಾಲೆ. ನಾಲ್ಕೂರ ಮಕ್ಕಳು ಬರುವ ಸರ್ಕಾರಿ ಶಾಲೆ, ನಮ್ಮ ಮನೆಯಿಂದ ಮೂರು ಮೈಲಿ, ಕೆರೆ ಏರಿಯ ಪಕ್ಕ. ಅಲ್ಲಿ ಏನಿಲ್ಲ ಹೇಳಿ! ಗೋಡೆ ಮೇಲೆ ರೈಲಿನ ಚಿತ್ರ ಇದೆ, ಕೈತೋಟ ಇದೆ, ಬಿಸಿಯೂಟ ಇದೆ, ಸ್ವಚ್ಛತೆಯ ಬಗ್ಗೆ ಬಣ್ಣದಲ್ಲಿ ಬರೆದ ಘೋಷಣೆಗಳಿವೆ. ಇಲ್ಲದ್ದು ಒಂದೇ, ಶೌಚಾಲಯ. ಹಳೆಯದೊಂದಿತ್ತು. ಅದರ ಗುಂಡಿ ಕುಸಿಯಿತು, ಗೋಡೆ ಹಿಂದೆಯೇ ಹೋಯಿತು. ಹುಡುಗರಿಗೆ ಬೇಲಿ ಸಾಲು ಇತ್ತು. ಹೆಣ್ಣುಮಕ್ಕಳಿಗೆ? ಮನೆ ಹತ್ತಿರವಿದ್ದವರು ಊಟದ ಬಿಡುವಿನಲ್ಲಿ ಓಡಿಹೋಗುತ್ತಿದ್ದರು. ದೂರದ ಕಾಡಂಚಿನ ಹಾಡಿಯಿಂದ ಬರುವವರು ಸಂಜೆ ಗಂಟೆ ಹೊಡೆಯುವ ತನಕ ಬಿಗಿಹಿಡಿದು ಕೂರುತ್ತಿದ್ದರು. ಏಳನೇ ತರಗತಿಯ ದೊಡ್ಡ ಹುಡುಗಿಯರು ತಿಂಗಳಿಗೆ ನಾಲ್ಕು ದಿನ ಬರುತ್ತಲೇ ಇರಲಿಲ್ಲ. ನಾನು ಹೇಗೋ ಸಂಭಾಳಿಸುತ್ತಿದ್ದೆ. ಹೇಗೆ ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಾವ ಅತ್ತೆಯ ಮುಂದೆ ಹೇಳುವ ಮಾತೇ ಅದು?

ಹಾಗೆಂದು ನಮ್ಮ ನಾಯಕರು ಸುಮ್ಮನಿದ್ದರೆಂದು ತಿಳಿಯಬೇಡಿ. ಆ ಒಂದು ಶೌಚಾಲಯಕ್ಕೆ ಮೂರು ಸಲ ಗುದ್ದಲಿ ಪೂಜೆ ಆಗಿತ್ತು! ಮೂರು ಪಕ್ಷ, ಮೂರು ಮುಖಂಡರು, ಮೂರು ಗ್ರಾನೈಟ್ ಕಲ್ಲು. ಕಲ್ಲಿನ ಮೇಲೆ ಅವರ ಹೆಸರು ಬೋರ್ಡಿನ ಮೇಲಿನ ಶಾಲೆಯ ಹೆಸರಿಗಿಂತ ದಪ್ಪ. ಮೊದಲ ಪೂಜೆಗೆ ಬಂದ ಅರ್ಚಕರು ಪೂಜೆ ಈಶಾನ್ಯ ಮೂಲೆಯಲ್ಲೇ ಆಗಬೇಕೆಂದದ್ದರಿಂದ ಮೂರೂ ಅಲ್ಲೇ ನಡೆದವು. ಮೂರಕ್ಕೂ ಗುದ್ದಲಿ ನಮ್ಮ ಮಾವನದೇ. ಅರಿಸಿನ ಕುಂಕುಮ ಹಚ್ಚಿಕೊಂಡು ಅದು ಮದುವಣಗಿತ್ತಿಯಂತೆ ಹೋಗುತ್ತಿತ್ತು, ಅಂಚಿಗೆ ಮಣ್ಣೇ ಅಂಟದೆ ವಾಪಸು ಬರುತ್ತಿತ್ತು. ಸಾಹೇಬರ ಸೊಂಟ ಉಳುಕೀತೆಂದು ಹಿಂಬಾಲಕರು ಅಲ್ಲಿ ಮೊದಲೇ ಒಂದು ಪುಟ್ಟಿ ಮರಳು ಸುರಿದು ಮೆತ್ತಗೆ ಮಾಡಿರುತ್ತಿದ್ದರು. ಸಾಹೇಬರು ಗುದ್ದಲಿಯನ್ನು ಮರಳಿಗೆ ಮುಟ್ಟಿಸಿ, ಕತ್ತು ಮಾತ್ರ ಕ್ಯಾಮೆರಾ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಮಾವ ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದರು: "ಮೊದಲ್ನೋರು ಗುದ್ಲೀನ ಮೈಕಿನಂಗೆ ಇಡ್ಕಂಡಿದ್ರು. ಎರಡ್ನೇಯೋರು ಆವು ಇಡ್ಕಂಡಂಗೆ. ಅದು ಕಚ್ಚುತ್ತಾ ಏನು?"

ಮೂರನೆಯ ಪೂಜೆಯಂದು ಮಾವನಿಗೆ ತಡೆಯಲಾಗಲಿಲ್ಲ. ಅಂದು ಮುಖಂಡರಿಗೆ ಹಾಕಲು ಸೇಬಿನ ಹಾರ ಬಂದಿತ್ತು. ಅದನ್ನು ಎತ್ತಲು ಒಂದು ಜೆಸಿಬಿ! ಹಳದಿ ಯಂತ್ರ ಗುರ್ರೆನ್ನುತ್ತಾ ಹಾರವನ್ನು ಆಕಾಶಕ್ಕೆ ಎತ್ತಿ ಹಿಡಿದಿತ್ತು, ಕೆಳಗೆ ಮುಖಂಡರು ಕೈಮುಗಿದು ನಿಂತಿದ್ದರು, ಮಕ್ಕಳು ಸೇಬು ಯಾವಾಗ ಬೀಳುತ್ತದೋ ಎಂದು ಬಾಯಿ ತೆರೆದು ನೋಡುತ್ತಿದ್ದರು. ಮಾವ ಮುಂದೆ ಬಂದು ಕೇಳಿದರು:

"ಸ್ವಾಮಿ, ತಪ್ಪು ತಿಳೀಬ್ಯಾಡಿ. ಆ ಜೆಸಿಬೀಲಿ ಆರ ಎತ್ತೋ ಬದ್ಲು ನಾಕು ಬಕೀಟು ಮಣ್ಣು ಎತ್ಸಿದ್ರೆ ಗುಂಡೀನೇ ಆಗೋಯ್ತಿತ್ತಲ್ಲ?"

"ಅದು ಹಾರಕ್ಕೆ ಅಂತ ಬಾಡಿಗೆಗೆ ತಂದಿರೋದು ಯಜಮಾನ್ರೆ" ಎಂದರು ಹಿಂಬಾಲಕರೊಬ್ಬರು, ಬಹಳ ಗಂಭೀರವಾಗಿ.

ಊರವರು ಗೊಳ್ಳೆಂದು ನಕ್ಕರು. ಮುಖಂಡರಿಗೆ ಮುಖ ಕೆಂಪಾಯಿತು. ಹಟಕ್ಕೆ ಬಿದ್ದು, ಮರಳು ಸರಿಸಿ, ಗಟ್ಟಿ ನೆಲಕ್ಕೆ ಹತ್ತು ಏಟು ಹಾಕಿಯೇ ಬಿಟ್ಟರು. ಹಣೆಯಿಂದ ಬೆವರು ತೊಟ್ಟಿಕ್ಕಿತು. ನೋಡಿ ವಿಚಿತ್ರ! ಹದಿನೈದೇ ದಿನದಲ್ಲಿ ಅವರಿಗೆ ಯಾವುದೋ ನಿಗಮದ ಅಧ್ಯಕ್ಷಗಿರಿ ಸಿಕ್ಕಿತು. ಆ ನಿಗಮ ಏನು ಮಾಡುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ಆದರೆ ಕಾರಿಗೆ ಬೋರ್ಡು ಬಂತು.

ಮಾವನಿಗೂ ಈ ಸುದ್ದಿ ತಲುಪಿತು. ಮರುದಿನ ಹುಣಸೂರಿಗೆ ಹೋಗಿ, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ, ಪಕ್ಕದಲ್ಲಿದ್ದವನಿಗೆ ಒಂದೇ ಒಂದು ಮಾತು ಹೇಳಿದರಂತೆ: "ಆ ಇಸ್ಕೂಲಿನ ಈಶಾನ್ಯ ಮೂಲೆ ಐತಲ್ಲ, ಅಲ್ಲಿ ಮಣ್ಣಿಗೆ ಬೆವರು ಬಿದ್ರೆ ಕುರ್ಚಿ ಗ್ಯಾರಂಟಿ ಕಣ್ಲಾ. ಯಾರ್ಗೂ ಏಳ್ಬ್ಯಾಡ."

ಯಾರಿಗೂ ಹೇಳಬೇಡ ಎಂದರೆ ಸಾಕಲ್ಲ! ಮಾತು ಪಿರಿಯಾಪಟ್ಟಣ ತಲುಪುವಷ್ಟರಲ್ಲಿ ಆ ಮೂಲೆಯಲ್ಲಿ ಹಳೇ ಕಾಲದ ಲಿಂಗವೊಂದು ಇತ್ತು. ಕೆ.ಆರ್. ನಗರಕ್ಕೆ ಹೋದಾಗ ಪಾಳೇಗಾರರ ಸಿಂಹಾಸನವೇ ಹೂತಿತ್ತು. ಸಾಲಿಗ್ರಾಮದಿಂದ ನನ್ನ ತವರಿನವರು ಫೋನ್ ಮಾಡಿ, "ನಿಮ್ಮ ಶಾಲೇಲಿ ನೆಲದಿಂದ ಬೆಳಕು ಬರ್ತದಂತಲ್ಲಾ, ನಿಜವೇನೇ?" ಎಂದು ಕೇಳಿದರು. ಅಂತರಸಂತೆಯ ಸಂತೆಯಲ್ಲಂತೂ, ದೆಹಲಿಯಿಂದಲೇ ಯಾರೋ ಬಂದು ಅಗೆದು ಹೋದರೆಂದು ಸುದ್ದಿ.

ಚುನಾವಣೆಗಳು ಹತ್ತಿರವಿದ್ದವು. ಟಿಕೆಟ್ ಆಕಾಂಕ್ಷಿಗಳು ಒಬ್ಬೊಬ್ಬರಾಗಿ ಬರತೊಡಗಿದರು. ಮಾವ ಗುದ್ದಲಿ ಹಿಡಿದು ಆ ಮೂಲೆಯಲ್ಲಿ ಕಲ್ಲು ಬೆಂಚು ಹಾಕಿಕೊಂಡು ಕೂತರು. ಅವರ ನಿಯಮ ಸರಳವಾಗಿತ್ತು. ಹತ್ತು ಏಟಿಗೆ ನಿಗಮ, ಇಪ್ಪತ್ತಕ್ಕೆ ಪಕ್ಷದ ಟಿಕೆಟ್, ಮೂವತ್ತಕ್ಕೆ ಎಮ್ಮೆಲ್ಲೆ. ಮರಳು ಸುರಿಯುವಂತಿಲ್ಲ. ಫೋಟೋಗೆ ನಿಂತ ಹೊತ್ತು ಲೆಕ್ಕಕ್ಕಿಲ್ಲ. ಅಗೆದ ಮಣ್ಣನ್ನು ಅಗೆದವರೇ ಮೇಲೆ ಹಾಕಬೇಕು.

"ಮಂತ್ರಿ ಆಗೋಕೆ ಎಷ್ಟು ಯಜಮಾನ್ರೆ?" ಎಂದು ಒಬ್ಬರು ಗುಟ್ಟಾಗಿ ಕೇಳಿದರು.

ಮಾವ ಗುಂಡಿಯ ಕಡೆ ನೋಡಿ, "ಕೆಳಗೆ ಒಂದು ಬಂಡೆ ಸಿಕ್ಕೈತೆ. ಅದುನ್ನ ಎಬ್ಬಿಸ್ಬುಟ್ರೆ ಖಾತೆ ನೀವೇ ಆರಿಸ್ಕಬೋದು" ಎಂದರು. ಬಂಡೆ ಎದ್ದಿತು! ಖಾತೆ ಇನ್ನೂ ಬಂದಿಲ್ಲ.

ಒಂದು ಬೆಳಗ್ಗೆ ನಾನು ಶಾಲೆಗೆ ಬೇಗ ಹೋದಾಗ ಗುಂಡಿಯೊಳಗೆ ಎರಡು ತಲೆ ಕಂಡವು. ಒಂದೇ ಪಕ್ಷದ ಇಬ್ಬರು ಆಕಾಂಕ್ಷಿಗಳು, ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಬಂದು ಎದೆಮಟ್ಟದ ಗುಂಡಿಯಲ್ಲಿ ಎದುರುಬದುರು ನಿಂತಿದ್ದರು. ನನ್ನನ್ನು ಕಂಡು, "ಸುಮ್ನೆ ಶಾಲೆ ನೋಡ್ಕೊಂಡು ಹೋಗೋಣ ಅಂತ ಬಂದ್ವಿ ಮೇಡಂ" ಎಂದರು. ಶಾಲೆಯನ್ನು ಅಷ್ಟು ಆಳವಾಗಿ ನೋಡಿದ ಜನಪ್ರತಿನಿಧಿಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಮ್ಮ ಹೆಡ್‌ಮಾಸ್ಟರಿಗೆ ಮಾತ್ರ ಎದೆ ಡವಡವ. "ಇಲಾಖೆಯವರು ಕೇಳಿದ್ರೆ ಏನ್ ಹೇಳ್ಲಿ ಯಜಮಾನ್ರೆ?"

"ಶ್ರಮದಾನ ಅಂತ ಬರ್ಕಳಿ ಮೇಷ್ಟ್ರೆ. ಅವರ ಜೀವಮಾನದಾಗೆ ಮಾಡಿರೋದು ಇದೊಂದೇಯ" ಎಂದರು ಮಾವ. ಮಕ್ಕಳು ಬೀಳದಿರಲೆಂದು ದಿನಾ ಸಂಜೆ ಗುಂಡಿಯ ಸುತ್ತ ಮುಳ್ಳು ಒಟ್ಟಿಯೇ ಅವರು ಮನೆಗೆ ಬರುತ್ತಿದ್ದರು. ಮಂಡಿಗೆ ಎಣ್ಣೆ ಹಚ್ಚುತ್ತಾ ಅತ್ತೆ, "ಈ ವಯಸ್ನಾಗೆ ನಿಮ್ಗೆ ಈ ಆಟ ಯಾಕೆ?" ಎಂದು ಬೈಯುತ್ತಿದ್ದರು. ಮಾವ ಅದೇ ಎಣ್ಣೆಯನ್ನು ಗುದ್ದಲಿಯ ಕಾವಿಗೂ ಸವರುತ್ತಿದ್ದರು.

ಚುನಾವಣೆಗಳು ಮುಗಿದವು. ಒಂದು ದಿನ ಸೋತ ಮುಖಂಡರೊಬ್ಬರು ಧುಮುಗುಡುತ್ತಾ ಬಂದರು. "ಮೂವತ್ತು ಏಟು ಹಾಕಿದ್ದೆ! ಠೇವಣಿನೂ ಉಳೀಲಿಲ್ಲ! ಏನ್ ಯಜಮಾನ್ರೆ ಇದು?"

ಮಾವ ವಿಚಲಿತರಾಗಲಿಲ್ಲ. "ನೀವು ಆಕಿದ್ದು ಎಂಟೇಯ ಸ್ವಾಮಿ, ನಾನು ಎಣಿಸಿವ್ನಿ. ಮಿಕ್ಕಿದ್ದು ಇಪ್ಪತ್ತೆರಡೂ ನಿಮ್ಮ ಪಿ.ಎ. ಆಕಿದ್ದು. ಅವರ್ಗೆ ಏನಾಯ್ತು?"

ಮುಖಂಡರ ದನಿ ಇಳಿಯಿತು. "ಅವನು... ಅವನು ಇದೇ ಗ್ರಾಮ ಪಂಚಾಯ್ತಿಗೆ ನಿಂತು ಗೆದ್ದ."

"ನೋಡಿ ಮತ್ತೆ!" ಎಂದರು ಮಾವ.

ನಿಜ ಹೇಳಬೇಕೆಂದರೆ ಆ ಪಿ.ಎ. ಗೆದ್ದದ್ದಕ್ಕೆ ಮಣ್ಣು ಕಾರಣವಲ್ಲ. ಶಾಲೆಯ ಗುಂಡಿಯಲ್ಲಿ ಬಿಳಿ ಅಂಗಿ ಬಿಚ್ಚಿಟ್ಟು ಅಗೆದವರು ಅವರೊಬ್ಬರೇ ಎಂದು ಊರವರು ನೋಡಿದ್ದರು. ಅದು ಆ ಪಿ.ಎ.ಗೂ ಗೊತ್ತಿತ್ತು. ಮೆಂಬರಾದ ತಿಂಗಳಲ್ಲೇ ಬಂದು, ಪಂಚಾಯ್ತಿಯಿಂದ ಸಿಮೆಂಟ್ ರಿಂಗು ಇಳಿಸಿದರು, ಗೋಡೆ ಎಬ್ಬಿಸಿದರು, ನಲ್ಲಿ ಹಾಕಿಸಿದರು. ಗುಂಡಿ ತಯಾರಿತ್ತಲ್ಲ! ಅದರ ಮೇಲೆ ಮುಚ್ಚಲು ಹಾಸುಗಲ್ಲು ಸಾಲದೆ ಹೋದಾಗ, ಮೂಲೆಯಲ್ಲಿ ನಿಂತಿದ್ದ ಆ ಮೂರು ಗ್ರಾನೈಟ್ ಕಲ್ಲುಗಳ ಮೇಲೆ ಮಾವನ ಕಣ್ಣು ಬಿತ್ತು. ಇಂದಿಗೂ ಮೂರು ಪಕ್ಷದ ಮೂವರು ಮುಖಂಡರು ಅಲ್ಲಿ ಅಕ್ಕಪಕ್ಕ, ಜಗಳವಿಲ್ಲದೆ ಮಲಗಿದ್ದಾರೆ.

"ಹೆಸರಿದೆಯಲ್ಲ ಯಜಮಾನ್ರೆ, ತುಳಿದಂಗೆ ಆಗಲ್ವಾ?" ಎಂದು ಹೆಡ್‌ಮಾಸ್ಟರು ಬೆವರಿದರು.

"ಅದುಕ್ಕೇ ಮಗುಚಿ ಆಕಿದ್ದೀನಿ. ಮರ್ವಾದೆ ಬ್ಯಾಡ್ವಾ?" ಎಂದರು ಮಾವ.

ಉದ್ಘಾಟನೆ ಎಂದ ಮೇಲೆ ದೊಡ್ಡವರು ಬಾರದೆ ಇರುತ್ತಾರೆಯೇ? ಆ ನಿಗಮದ ಅಧ್ಯಕ್ಷರೇ ಬಂದರು. ಶೌಚಾಲಯದ ಬಾಗಿಲಿಗೆ ಕೆಂಪು ಟೇಪು, ತಟ್ಟೆಯಲ್ಲಿ ಕತ್ತರಿ. ಬಂದವರೇ, "ಈಶಾನ್ಯದಲ್ಲಿ ಶೌಚಾಲಯವೇ? ವಾಸ್ತು ದೋಷ ಅಲ್ವೇನ್ರೀ?" ಎಂದು ಹುಬ್ಬು ಗಂಟಿಕ್ಕಿದರು. ಮಾವ, "ಎಣ್ಣುಮಕ್ಳು ಹೊಟ್ಟೆ ಇಡ್ಕಂಡು ಕೂರೋದ್ಕಿಂತ ದೊಡ್ಡ ದೋಸ ಯಾವುದು ಸ್ವಾಮಿ?" ಎಂದರು. ಅಧ್ಯಕ್ಷರು ಮೈಕಿನ ಕಡೆ ತಿರುಗಿ ಭಾಷಣ ಶುರು ಮಾಡಿದರು. ಹೆಣ್ಣುಮಕ್ಕಳ ಕಷ್ಟದ ಬಗ್ಗೆ ಎಂಥಾ ಭಾಷಣ! ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಸ್ವಾಗತಕ್ಕೆ ಬೆಳಗ್ಗಿನಿಂದ ಬಿಸಿಲಲ್ಲಿ ನಿಂತಿದ್ದ ಹುಡುಗಿಯರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಕೊನೆಗೆ ಏಳನೇ ತರಗತಿಯ ಹಾಡಿಯ ಹುಡುಗಿಯೊಬ್ಬಳು ಸಾಲು ಬಿಟ್ಟು ನಡೆದಳು, ಟೇಪಿನ ಕೆಳಗೆ ಬಗ್ಗಿ ಒಳಗೆ ಹೋದಳು, ಚಿಲಕ ಹಾಕಿಕೊಂಡಳು. ಒಳಗೆ ನಲ್ಲಿ ತಿರುಗಿಸಿದ ಸದ್ದು ಮೈಕಿನಲ್ಲೇ ಕೇಳಿಸಿತು.

"ಉದ್ಘಾಟನೆ ಆಯ್ತು ಬುಡಿ ಸ್ವಾಮಿ. ಬನ್ನಿ, ಟೀ ಕುಡೀರಿ" ಎಂದರು ಮಾವ.

ನಾನು ಅಂದು ನಕ್ಕಷ್ಟು ಎಂದೂ ನಕ್ಕಿರಲಿಲ್ಲ. ಸಂಜೆ ಮನೆಗೆ ಬಂದಾಗಲೂ ನಗುತ್ತಲೇ ಇದ್ದೆ. ಮಾವ ಎಂದಿನಂತೆ ಕೈ ಚಾಚಿ ಬಾಟಲಿ ಇಸಿದುಕೊಂಡು ಹಿತ್ತಿಲಿಗೆ ನಡೆದರು. ಭಾಷಣದ ಕಥೆ ಅತ್ತೆಗೆ ಹೇಳುತ್ತಾ ನಾನೂ ಹಿಂದೆ ಹೋದೆ. ಮಾವ ಕರಿಬೇವಿನ ಬುಡಕ್ಕೆ ಬಾಟಲಿ ಬಗ್ಗಿಸಿದರು. ಏನೂ ಬೀಳಲಿಲ್ಲ. ಅಲ್ಲಾಡಿಸಿದರು. ಮತ್ತೆ ಬಗ್ಗಿಸಿದರು. ಒಂದು ತೊಟ್ಟೂ ಇಲ್ಲ. ಬಾಟಲಿಯ ಬಾಯಿಯೊಳಗೆ ಕಣ್ಣಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು.

"ಐದು ವರ್ಸ ಕಣವ್ವ. ತುಂಬಿಸ್ಕೊಟ್ಟ ನೀರು ತುಂಬ್ದಂಗೇ ವಾಪಸ್ ಬತ್ತಿತ್ತು. ಊರ್ಗೆಲ್ಲ ನೀರು ಅಂಚ್ದೋನು ನಾನು. ನಮ್ಮನೆ ಮಗಳು ಒಣ ಗಂಟ್ಲಾಗೆ ದಿನವೆಲ್ಲ ಪಾಠ ಮಾಡ್ತಾವ್ಳೆ ಅಂತ ಯಾರ ಮುಂದೆ ಏಳ್ಲಿ? ನೀನೂ ಏಳ್ಲಿಲ್ಲ, ನಾನೂ ಕೇಳೋ ಅಂಗಿರ್ಲಿಲ್ಲ."

ಬೆಳಗ್ಗಿನಿಂದ ಸಂಜೆಯವರೆಗೆ ಒಂದು ಗುಟುಕೂ ಕುಡಿಯದೆ ಇರುವುದೇ ನಾನು ಸಂಭಾಳಿಸುತ್ತಿದ್ದ ಬಗೆಯಾಗಿತ್ತು. ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ಆ ಕರಿಬೇವಿಗೆ ಗೊತ್ತಿತ್ತು, ಅದರ ಬುಡಕ್ಕೆ ದಿನಾ ನೀರು ಸುರಿದವರಿಗೆ ಗೊತ್ತಿತ್ತು. ಹುಟ್ಟಿದ ಮನೆಯಲ್ಲೂ ಯಾರೂ ನನ್ನನ್ನು ಇಷ್ಟು ಕಾಳಜಿಯಿಂದ ಗಮನಿಸಿರಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿದೆ.

"ಏಳವ್ವ, ಏಳು. ಗಿಡಕ್ಕೆ ನೀರು ತತ್ತೀನಿ" ಎನ್ನುತ್ತಾ ಮಾವ ಬಿಂದಿಗೆ ಹುಡುಕಿಕೊಂಡು ಹೋದರು.

ಮರುದಿನ ಬೆಳಗ್ಗೆ ನಾನು ಹೊರಟಾಗ ಬಾಗಿಲಲ್ಲಿ ನಿಂತಿದ್ದ ಮಾವನ ಕೈಯಲ್ಲಿ ಎರಡು ಬಾಟಲಿ ಇದ್ದವು.