ರಿಜಿಸ್ಟ್ರಿಗೊಂದು ನಿಲ್ ರಿಪೋರ್ಟ್

ಮನುಷ್ಯ ಊರು ಬದಲಾದರೂ ತಡೆದುಕೊಳ್ಳುತ್ತಾನೆ, ಊಟ ಬದಲಾದರೂ ತಡೆದುಕೊಳ್ಳುತ್ತಾನೆ. ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ ಬಂದ ನಾನು ಕುಸುಬಲಕ್ಕಿ ಅನ್ನಕ್ಕೂ ಒಗ್ಗಿಕೊಂಡವನು. ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಬರುವ ಮೆನು ಮಾತ್ರ ನನ್ನ ಜೀವ ಹಿಂಡಿತು. ಹಿಂದೆಲ್ಲ ಒಂದೇ ಒತ್ತಿಗೆ ಬೇಕಾದ್ದೆಲ್ಲ ಸಾಲಾಗಿ ಬಂದು ನಿಲ್ಲುತ್ತಿತ್ತು. ಈಗ ಕಟ್, ಕಾಪಿ, ರಿನೇಮ್‌ಗಳು ಹೆಸರು ಕಳೆದುಕೊಂಡು ಪುಟ್ಟ ಚಿತ್ರಗಳಾಗಿ ಮೇಲೆ ಹತ್ತಿ ಕೂತಿವೆ. ಉಳಿದದ್ದು ಬೇಕಾದರೆ ಕೆಳಗೆ ‘ಇನ್ನಷ್ಟು ತೋರಿಸು’ ಎಂದು ಬೇಡಿಕೊಳ್ಳಬೇಕು. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ ಬಡಿಸಿ, ‘ಅನ್ನ ಬೇಕಿದ್ದರೆ ಕೇಳಿ’ ಎಂದು ಹೊರಟುಹೋದ ಹಾಗೆ!

ಒಂದು ಭಾನುವಾರ ನನ್ನ ಗೊಣಗಾಟ ತಡೆಯಲಾರದೆ ಮಗಳು, “ಪುದಿಯದು ಪಠಿಚ್ಚಾಲ್ ಪೋರೇ ಅಪ್ಪಾ?” ಎಂದಳು. ಇಲ್ಲೇ ಬೆಳೆದವಳು, ಹೊಸದನ್ನೇ ಕಲಿತರೆ ಸಾಲದೇ ಎಂದು ಚುಚ್ಚುವುದೂ ಮಲಯಾಳದಲ್ಲೇ. ನನಗೆ ರೇಗಿತು. “ಊಟದ ಹೊತ್ತಿಗೆ ಹಳೇ ಮೆನು ತರದಿದ್ದರೆ ಈ ಲ್ಯಾಪ್‌ಟಾಪ್ ನಿನಗೇ” ಎಂದುಬಿಟ್ಟೆ. ಒಳಗಿನಿಂದ ಹೆಂಡತಿ, “ಬರೆಸ್ಕೊಳ್ಳೇ ಪುಟ್ಟಿ” ಎಂದಳು.

ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮ ದಾರಿ ತೋರಿಸಿದ್ದ. ಕಂಪ್ಯೂಟರಿನ ಹೊಟ್ಟೆಯೊಳಗೆ ಅದರ ಸೆಟ್ಟಿಂಗುಗಳೆಲ್ಲ ದಾಖಲಾಗಿರುವ ರಿಜಿಸ್ಟ್ರಿಗೆ ಇಳಿದು, ಮಾರುದ್ದದ ಹೆಸರಿನ ಹೊಸ ಕೀ, ಅಂದರೆ ಒಂದು ಖಾನೆ ಮಾಡಿ, ಅದರೊಳಗೆ ಇನ್ನೊಂದು ಮಾಡಿ, ಅದರ ವ್ಯಾಲ್ಯೂವನ್ನು ಖಾಲಿ ಬಿಡಬೇಕು. ತಪ್ಪಿದರೆ ಯಂತ್ರ ಏಳದೇ ಹೋಗಬಹುದು ಎಂಬ ಎಚ್ಚರಿಕೆ ಬೇರೆ. ದೇವರ ಮೇಲೆ ಭಾರ ಹಾಕಿ ಮಾಡಿದೆ. ರೀಸ್ಟಾರ್ಟ್ ಮಾಡಿದರೆ ಅವೇ ಚಿತ್ರಗಳು. ಅಳಿಸಿ ಮತ್ತೆ ಮಾಡಿದೆ. ಅವೇ. ಅಷ್ಟರಲ್ಲಿ ಹುಳಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿಸಿತು, ಊಟದ ಗಡುವು ಬಂದೇಬಿಟ್ಟಿತು.

ಸೌಟು ಹಿಡಿದೇ ಬಂದು ಹೆಂಡತಿ ಇಣುಕಿದಳು. “ಖಾಲಿ ಬಿಡಿ ಅಂತಿದೆಯಲ್ಲ, ಏನು ಮಾಡಿದ್ರಿ?”

“ಖಾಲೀನೇ ಇತ್ತು. ಮುಟ್ಟಲಿಲ್ಲ.”

“ತಿಂಗಳು ತಿಂಗಳೂ ತಿರುವನಂತಪುರದ ಆಫೀಸಿಗೆ ನಿಲ್ ರಿಪೋರ್ಟ್ ಕಳಿಸ್ತೀರಲ್ಲ, ಹೇಳೋದು ಏನೂ ಇಲ್ಲ ಅಂತ ಸಹಿ ಹಾಕಿ? ಸುಮ್ಮನಿದ್ರೆ ಒಪ್ತಾರಾ ಅವರು?”

ಸರ್ಕಾರದ ಅನ್ನ ತಿಂದವನಿಗೆ ಇದು ಹೊಳೆಯಬಾರದೆ! ವ್ಯಾಲ್ಯೂ ಬರೆಯುವ ಪೆಟ್ಟಿಗೆ ತೆರೆದೆ, ಏನನ್ನೂ ಬರೆಯದೆ, ಸಹಿ ಹಾಕಿದ ಹಾಗೆ ಓಕೆ ಒತ್ತಿದೆ. ಯಂತ್ರ ಮಲಗಿ ಎದ್ದಿತು. ಬಲಗುಂಡಿ ಒತ್ತಿದರೆ ನನ್ನ ಹಳೆಯ ಮೆನು, ನೀಳವಾಗಿ, ಎಲ್ಲ ಹೆಸರುಗಳ ಸಮೇತ!

ಗೆದ್ದ ಗತ್ತಿನಲ್ಲಿ ಮಗಳನ್ನು ಕರೆದು, ಒಂದು ಫೈಲಿನ ಹೆಸರು ಬದಲಿಸಿ ತೋರಿಸಲು ಹೊರಟೆ. ಕೈ ತಾನಾಗಿ ಮೆನುವಿನ ನೆತ್ತಿಗೆ ಹೋಗಿ ಒತ್ತಿತು. ಅಲ್ಲಿದ್ದದ್ದು ‘ಓಪನ್’, ಫೈಲು ತೆರೆದುಕೊಂಡಿತು. ಮುಚ್ಚಿ ಇನ್ನೊಮ್ಮೆ ಒತ್ತಿದೆ. ಮತ್ತೆ ತೆರೆದುಕೊಂಡಿತು. ಇಷ್ಟು ತಿಂಗಳು ಬೈದು ಬೈದೇ ಆ ಹಾಳು ಚಿತ್ರಗಳು ಕೈಗೆ ಪಾಠವಾಗಿಬಿಟ್ಟಿದ್ದವು. ಮಗಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಅವಳಮ್ಮ ಎಲೆ ಹಾಕಲು ಒಳಗೆ ಹೋದದ್ದು ನೋಡಿಕೊಂಡು, ದನಿ ತಗ್ಗಿಸಿ ಕೇಳಿದೆ: “ಪುಟ್ಟಿ, ಈ ಹಳೇ ಮೆನು ತೆಗೆಯೋದು ಹೇಗೆ?”